ವ್ಯಾಪಾರಿ ಆಂಜನೇಯ

"38 ಇದ್ದದ್ದು 9ಕ್ಕೆ ಇಳೀತು!" ಅಂತ ಬಾಗಿಲಲ್ಲೇ ಕೂಗಿದ ಸುಬ್ಬಣ್ಣ.

"ಏನು ಜ್ವರಾನಾ?" ನಾಗು ಪೇಪರಿನಿಂದ ತಲೆ ಎತ್ತಲಿಲ್ಲ.

"ಸಿಮಿಲಾರಿಟಿ ಕಣೋ! ನನ್ನ ಥೀಸಿಸ್ಸಿಂದು. ಹೋದ ವಾರ 38 ಪರ್ಸೆಂಟ್ ಬೇರೆಯವರ ಬರಹಕ್ಕೆ ಹೋಲುತ್ತೆ ಅಂದಿತ್ತು ಆ ಚೆಕ್ ಮಾಡೋ ಸಾಫ್ಟ್‌ವೇರು. ಒಂದೇ ರಾತ್ರೀಲಿ 9ಕ್ಕೆ ತಂದೆ."

"ಹೇಗಪ್ಪ ತಂದೆ?" ಅಂದ್ರು ಪದ್ಮಕ್ಕ. "ತಗೊಂಡಿದ್ದನ್ನೆಲ್ಲ ವಾಪಸ್ ಕೊಟ್ಟು ಬಂದೆಯಾ?"

"ಅಯ್ಯೋ ಇಲ್ಲ ಪದ್ಮಕ್ಕ. ಇನ್ನೊಂದು ಸಾಫ್ಟ್‌ವೇರ್ ಇದೆ. ನಮ್ಮ ವಾಕ್ಯ ಹಾಕಿದ್ರೆ ಒಂದೊಂದು ಪದ ತೆಗೆದು ಅದೇ ಅರ್ಥದ ಬೇರೆ ಪದ ಕೂರಿಸಿಕೊಡುತ್ತೆ."

"‘ನಮ್ಮ ವಾಕ್ಯ’ ಅಂದ್ಯಲ್ಲ, ತಕರಾರು ಅಲ್ಲಿಂದಲೇ ಶುರು. ಕೊಡಿಲ್ಲಿ ಲ್ಯಾಪ್‌ಟಾಪು."

ಪದ್ಮಕ್ಕ ಕನ್ನಡಕ ಏರಿಸಿ ಮೊದಲನೇ ಅಧ್ಯಾಯದ ಶೀರ್ಷಿಕೆ ಓದಿದರು. "‘ನೀರ್ಗಣ್ಣಿನ ಸೀಮೆಯಲ್ಲಿ ಮೃತ್ತಿಕೆಯ ಕೃಶತ್ವ.’ ಯಾರಿಗಪ್ಪ ಕಾಯಿಲೆ?"

"ಜಲಾನಯನ ಪ್ರದೇಶದಲ್ಲಿ ಮಣ್ಣಿನ ಸವಕಳಿ," ಅಂದ ಸುಬ್ಬಣ್ಣ.

ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ಅದು ಜಲ ಆನಯನ ಕಣಯ್ಯ! ನೀರನ್ನ ತರೋದು! ನಿನ್ನ ಯಂತ್ರ ಅದನ್ನ ಒಡೆದು ನಯನ ಮಾಡಿ, ಕಣ್ಣು ಕೀಳಿಸಿಟ್ಟಿದೆ!"

"ಕೂತ್ಕೊಳ್ಳಿ ಮೇಷ್ಟ್ರೇ, ಮುಂದೆ ಇನ್ನೂ ಇದೆ," ಅಂತ ಪದ್ಮಕ್ಕ ಓದಿದರು. "‘ಭೂಮಧ್ಯರೇಖೆಯ ಕಡೆಗೆ ಸತತವಾಗಿ ಬೀಸುವ ವ್ಯಾಪಾರಿ ಆಂಜನೇಯರು...’"

ನಾಗು ಪೇಪರು ಕೆಳಗಿಟ್ಟ.

"ವಾಣಿಜ್ಯ ಮಾರುತಗಳು," ಅಂತ ಸುಬ್ಬಣ್ಣ ಸಣ್ಣ ದನೀಲಿ ಅಂದ.

"ಅದೂ ಬಹುವಚನದಲ್ಲಿ!" ಅಂದ ನಾಗು. "ಒಬ್ಬನೇ ಆಗಿದ್ರೆ ಲಂಕೆಗೆ ಹೋಗಿ ಬರ್ತಿದ್ದ. ಇವರದ್ದು ಚೈನ್ ಸ್ಟೋರ್ಸ್ ಇರಬೇಕು."

"ನಗಬೇಡ್ರೋ. ಪರ್ಸೆಂಟ್ ಇಳಿದಿರೋದು ನಿಜ ತಾನೇ?"

"ಇಳೀದೆ ಇನ್ನೇನಪ್ಪ? ಲೋಕದಲ್ಲಿ ಇನ್ನೊಬ್ಬ ಇಂಥ ವಾಕ್ಯ ಬರೆದಿದ್ದರೆ ತಾನೇ ಹೋಲಿಕೆ ಸಿಗೋದು!" ಅಂದ್ರು ಪದ್ಮಕ್ಕ.

ಇದು ಸುಬ್ಬಣ್ಣ ಒಬ್ಬನ ಪಾಡಲ್ಲ ಅಂತ ಮೇಷ್ಟ್ರು ಸಮಾಧಾನ ಹೇಳೋಕೆ ಹೊರಟರು. 2021ರಲ್ಲಿ ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬನಾಕ್ ಮತ್ತು ಜೊತೆಗಾರರು ಅಚ್ಚಾಗಿ ಹೊರಬಂದ ಸಂಶೋಧನಾ ಲೇಖನಗಳಲ್ಲೇ ಇಂಥವನ್ನ ರಾಶಿ ರಾಶಿ ಹೆಕ್ಕಿ ತೋರಿಸಿದ್ದರಂತೆ. ಆರ್ಟಿಫಿಶಿಯಲ್ ಇಂಟೆಲಿಜೆನ್ಸ್ ಅನ್ನೋದು ‘ಕೌಂಟರ್‌ಫಿಟ್ ಕಾನ್ಶಿಯಸ್‌ನೆಸ್’ ಆಗಿತ್ತಂತೆ, ಅಂದರೆ ಖೋಟಾ ಪ್ರಜ್ಞೆ. ಬಿಗ್ ಡೇಟಾ ‘ಕೊಲೋಸಲ್ ಇನ್‌ಫರ್ಮೇಶನ್’. ಬ್ರೆಸ್ಟ್ ಕ್ಯಾನ್ಸರ್ ಪಾಪ ‘ಬುಸಮ್ ಪೆರಿಲ್’, ಅಂದರೆ ಎದೆಯ ಗಂಡಾಂತರ.

"ಅಚ್ಚು ಹಾಕೋ ಮುಂಚೆ ಯಾರೂ ಕೇಳಲಿಲ್ವಾ, ಇದೇನು ಅಂತ?" ಅಂದ ನಾಗು.

"ಕೇಳಬೇಕಾದ್ರೆ ಓದಬೇಕಲ್ಲಪ್ಪ," ಅಂದ್ರು ಪದ್ಮಕ್ಕ. "ಈಗ ಯಾರಿಗೂ ಓದೋದು ಬೇಡ, ಪರ್ಸೆಂಟ್ ನೋಡಿದ್ರೆ ಸಾಕು. ಹುಡುಗರು ಎದುರಿಗೆ ಸಿಕ್ಕಿದ್ರೆ ಏನು ಕಂಡುಹಿಡಿದೆ ಅಂತ ಯಾರೂ ಕೇಳಲ್ಲ, ಎಷ್ಟಕ್ಕೆ ಬಂತು ಅಂತಾರೆ. ಈ ಹೋಲಿಕೆ ಹುಡುಕೋ ಸಾಫ್ಟ್‌ವೇರ್ ಮಾಡೋ ಟರ್ನಿಟಿನ್‌ನವರೇ ಹೇಳ್ತಾರೆ, ನಾವು ತೋರಿಸೋದು ಹೋಲಿಕೆ, ಕಳ್ಳತನ ಹೌದೋ ಅಲ್ಲವೋ ನೀವು ನೋಡ್ಕೊಳ್ಳಿ ಅಂತ. ಆ ನೋಡ್ಕೊಳ್ಳೋ ಕೆಲಸವನ್ನೇ ಎಲ್ಲರೂ ಬಿಟ್ಟಿದ್ದಾರೆ. ಎಲ್ಲಿ, 38 ಬಂದಿದ್ದ ರಿಪೋರ್ಟ್ ತೆಗಿ."

ತೆಗೆದ. ಪುಟದ ತುಂಬ ಕೆಂಪು, ನೇರಳೆ, ಹಸಿರು ಪಟ್ಟಿ. ಪದ್ಮಕ್ಕ ಬೆರಳಿಟ್ಟು ಇಳಿಸುತ್ತಾ ಹೋದರು. "ಇದು ಉದ್ಧರಣ ಚಿಹ್ನೆಯೊಳಗಿದೆ, ಹೆಸರೂ ಕೊಟ್ಟಿದ್ದೀಯ, ಸರಿಯಾಗೇ ಇದೆ. ಇದು ಪ್ರಯೋಗದ ವಿಧಾನ, ಎಲ್ಲರೂ ಹೀಗೇ ಬರೀತಾರೆ. ಕೊನೆಯ ಐದು ಪುಟ ರೆಫರೆನ್ಸ್ ಪಟ್ಟಿ. ಅದು ಕೆಂಪಾಗದೇ ಇದ್ದರೇ ಅನುಮಾನ ಪಡಬೇಕು. ಇದನ್ನೆಲ್ಲ ಲೆಕ್ಕಕ್ಕೆ ಹಿಡೀಬೇಡ ಅಂತ ಒಂದು ಗುಂಡಿ ಒತ್ತಿದ್ರೆ ಅರ್ಧ ಇಳೀತಿತ್ತು." ಬೆರಳು ನಿಂತಿತು. "ಈ ಮೂರು ಪ್ಯಾರಾ ಮಾತ್ರ ಇದ್ದದ್ದನ್ನ ಇದ್ದಂಗೇ ಎತ್ತಿದ್ದೀಯ. ಹೆಸರೂ ಇಲ್ಲ, ಚಿಹ್ನೆಯೂ ಇಲ್ಲ."

"ಅದಕ್ಕೇ ತಾನೇ ಪದ ಬದಲಾಯಿಸಿದ್ದು!"

"ಬದಲಾಯಿಸಿ ಹೆಸರು ಹಾಕಿದ್ಯಾ?"

"ಪದ ಎಲ್ಲ ಬೇರೆ ಆದ್ಮೇಲೆ ಹೆಸರು ಯಾಕೆ?"

"ವಿಚಾರ ಯಾರದ್ದು?"

ಸುಬ್ಬಣ್ಣ ಮಾತಾಡಲಿಲ್ಲ. ಪದ್ಮಕ್ಕ ಹೊಸ ಕಡತದ ಕೊನೆಗೆ ಹೋದವರು ಅಲ್ಲೇ ನಿಂತರು. "ಸುಬ್ಬಣ್ಣ, ರೆಫರೆನ್ಸ್ ಪಟ್ಟೀನೂ ಅದರ ಬಾಯಿಗೆ ಹಾಕಿದ್ಯಾ?"

"ಎಲ್ಲಾ ಸೆಲೆಕ್ಟ್ ಮಾಡಿ ಹಾಕಿದೆ."

"‘ಮಣ್ಣಿನ ಭೌತಿಕ ಗುಣಗಳು’ ಅನ್ನೋ ಲೇಖನ ‘ಧೂಳಿನ ದೈಹಿಕ ಸದ್ಗುಣಗಳು’ ಆಗಿದೆ. ಬರೆದವರು ಗ್ರೀನ್ ಮತ್ತು ಇತರರು ಇದ್ದರು ಅಂತ ಕಾಣುತ್ತೆ. ಈಗ ‘ಪಚ್ಚೆ ಮತ್ತು ಮಿಕ್ಕವರು’."

ನಾಗು ಮೇಜಿನ ಮೇಲೆ ತಲೆ ಇಟ್ಟು ನಕ್ಕ. ನಕ್ಕು ಮುಗಿದ ಮೇಲೆ ತನ್ನ ಎಂದಿನ ವಾದ ತೆಗೆದ. "ಆದ್ರೂ ಒಂದು ಮಾತು. ಆ ಪಟ್ಟೀನ ಯಾರಾದ್ರೂ ತೆಗೆದು ನೋಡ್ತಾರಾ? ಪಚ್ಚೆನೋ ಗ್ರೀನೋ, ಸಾಲು ತುಂಬಿದ್ರೆ ಆಯ್ತು."

ಇದಕ್ಕೆ ಮೇಷ್ಟ್ರ ಹತ್ತಿರ ಕಥೆಯೇ ಇತ್ತು. ಎಲ್ಸೆವಿಯರ್ ಅನ್ನೋ ದೊಡ್ಡ ಪ್ರಕಾಶನದವರು ರೆಫರೆನ್ಸ್ ಬರೆಯೋದು ಹೀಗೆ ಅಂತ ತೋರಿಸೋಕೆ ಲೇಖಕರಿಗೆ ಕೊಡೋ ನಮೂನೆಯಲ್ಲಿ ಸುಮ್ಮನೆ ಒಂದು ಲೇಖನದ ಹೆಸರು ಕಟ್ಟಿ ಹಾಕಿದ್ದರು. ಲೇಖಕರು, 2000ನೇ ಇಸವಿ, ಸಂಪುಟ, ಪುಟಸಂಖ್ಯೆ ಎಲ್ಲ ಇತ್ತು, ಲೇಖನ ಮಾತ್ರ ಇರಲಿಲ್ಲ. ನಮೂನೆಯ ಸಾಲು ಅಳಿಸೋದನ್ನ ಮರೆತವರು ಎಷ್ಟು ಜನ ಅಂದರೆ, ಪೀಟರ್ ಕ್ರೋನೆನ್‌ಬರ್ಗ್ ಅನ್ನೋ ಡಚ್ ಪ್ರಾಧ್ಯಾಪಕರ ಕಣ್ಣಿಗೆ ಅದು ಬಿದ್ದು, 2017ರಲ್ಲಿ ಪ್ರಾಧ್ಯಾಪಕಿ ಆನ್‌ವಿಲ್ ಹಾರ್ಜಿಂಗ್ ಆ ಕಥೆ ಬರೆಯೋ ಹೊತ್ತಿಗೆ ಆ ಇಲ್ಲದ ಲೇಖನಕ್ಕೆ ಸುಮಾರು 400 ಉಲ್ಲೇಖ ಆಗಿತ್ತು.

"ಲೇಖನದ ಹೆಸರೇನು?" ಅಂದ ನಾಗು.

"‘ವೈಜ್ಞಾನಿಕ ಲೇಖನ ಬರೆಯುವ ಕಲೆ.’"

"ಬರೀದೇನೇ 400 ಉಲ್ಲೇಖ," ಅಂದ್ರು ಪದ್ಮಕ್ಕ. "ಕಲೆ ಅಂದ್ರೆ ಅದಪ್ಪ. ಬರೆದು ಬರೆದು ಬೆನ್ನು ಬಗ್ಗಿಸಿಕೊಂಡವರಿಗೆ ನಾಲ್ಕು ಸಿಗಲ್ಲ."

"ಈಗ ಆ ಕಷ್ಟವೂ ಇಲ್ಲ," ಅಂದ್ರು ಮೇಷ್ಟ್ರು. "ಚಾಟ್‌ಬಾಟ್ ಕೇಳಿದ್ರೆ ಸಾಕು, ಇಲ್ಲದ ಲೇಖನಗಳನ್ನ ಪುಟಸಂಖ್ಯೆ ಸಮೇತ ಹೆತ್ತುಕೊಡುತ್ತೆ. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ವಕೀಲರು ಚಾಟ್‌ಜಿಪಿಟಿ ಕೊಟ್ಟ ಇಲ್ಲದ ತೀರ್ಪುಗಳನ್ನ ಕೋರ್ಟಿನ ಮುಂದಿಟ್ಟು 5,000 ಡಾಲರ್ ದಂಡ ಹಾಕಿಸಿಕೊಂಡರು."

"ವಕೀಲರು, ವಿದ್ಯಾರ್ಥಿಗಳು, ಹೀಗೆ ಸಣ್ಣವರೇ ಸಿಕ್ಕಿಬೀಳೋದು. ದೊಡ್ಡವರನ್ನ ಯಾರು ಕೇಳ್ತಾರೆ?" ನಾಗು ಬಿಡಲಿಲ್ಲ.

"ಜರ್ಮನಿಯಲ್ಲಿ ಕೇಳಿದ್ರಲ್ಲ!" ಅಂದ್ರು ಮೇಷ್ಟ್ರು. "2011ರಲ್ಲಿ ರಕ್ಷಣಾ ಮಂತ್ರಿ ಗುಟೆನ್‌ಬರ್ಗ್ ಥೀಸಿಸ್ಸಿನಲ್ಲಿ ಕದ್ದದ್ದು ಸಿಕ್ಕಿ ಡಾಕ್ಟರೇಟೂ ಕಳಕೊಂಡರು, ಖಾತೆಯೂ ಹೋಯ್ತು. 2013ರಲ್ಲಿ ಶಿಕ್ಷಣ ಮಂತ್ರಿ ಆನೆಟೆ ಶಾವಾನ್ ಅವರ 1980ರ ಥೀಸಿಸ್ ತೆಗೆದು ನೋಡಿ ಪದವಿ ವಾಪಸ್ ತಗೊಂಡರು. ಬೇಕಂತ ಮಾಡಿದ್ದಲ್ಲ ಅಂತ ಅವರು ವಾದ ಮಾಡಿದ್ರು. ಕೋರ್ಟು ವಿಶ್ವವಿದ್ಯಾಲಯದ ಕಡೆಗೇ ನಿಂತಿತು. ಥೀಸಿಸ್ ವಿಷಯ ಏನು ಗೊತ್ತಾ? ಆತ್ಮಸಾಕ್ಷಿ!"

"ಆತ್ಮಸಾಕ್ಷಿ ಒಂದೇ ಸಾಲದು ಅಂತಲೇ ಅಡಿಟಿಪ್ಪಣಿ ಅಂತ ಇನ್ನೊಂದು ಸಾಕ್ಷಿ ಇಟ್ಟಿರೋದು," ಅಂದ್ರು ಪದ್ಮಕ್ಕ.

ಸುಬ್ಬಣ್ಣನಿಗೆ ಅಳು ಬರೋದೊಂದು ಬಾಕಿ. "ಹಾಗಾದ್ರೆ ಸಾಲು ಸಾಲಿಗೂ ಹೆಸರು ಹಾಕ್ತಾ ಹೋದ್ರೆ ನನ್ನದು ಅಂತ ಏನು ಉಳಿಯುತ್ತೆ ಪದ್ಮಕ್ಕ?"

"ಅದನ್ನ ನೋಡೋಕೇ ಅಲ್ವೇನಪ್ಪ ಥೀಸಿಸ್ ಬರೆಸೋದು. ಪುಸ್ತಕ ಓದು, ಮುಚ್ಚಿಡು. ನಾಗೂನ ಕೂರಿಸಿಕೊಂಡು ಏನು ಓದಿದೆ ಅಂತ ಹೇಳು. ಅವನಿಗೆ ಅರ್ಥ ಆಗೋ ಹಾಗೆ ಹೇಳಿದೆ ಅಂದ್ರೆ ಅದು ನಿನ್ನ ಮಾತು. ಅದನ್ನ ಬರಿ. ಬರೆದು, ಇದು ಇಂಥವರ ವಿಚಾರ ಅಂತ ಅಲ್ಲೇ ಹೆಸರು ಹಾಕು."

"ಭೂಮಿ ಗುಂಡಗಿದೆ ಅನ್ನೋಕೂ ಹೆಸರು ಬೇಕಾ?" ಅಂದ ನಾಗು.

"ಬೇಡ. ಎಲ್ಲರಿಗೂ ಗೊತ್ತಿರೋದಕ್ಕೆ ಬೇಡ. ಈ ಗುಡ್ಡದಿಂದ ವರ್ಷಕ್ಕೆ ಇಷ್ಟು ಟನ್ ಮಣ್ಣು ಹೋಯ್ತು ಅಂತೀಯಲ್ಲ, ಅದಕ್ಕೆ ಬೇಕು. ಯಾರೋ ಮಳೇಲಿ ನಿಂತು ಅಳೆದಿದ್ದಾರೆ. ನೆನೆದವರು ಅವರು, ಲೆಕ್ಕ ನಿಂದು ಅಂದ್ರೆ ಹೇಗೆ?"

"ನನ್ನದೇ ಹಳೇ ಲೇಖನದ್ದು ಎರಡು ಪುಟ ಇದೆ..."

"ಅದಕ್ಕೂ ಹೇಳಬೇಕು. ಮೊದಲೇ ಅಚ್ಚಾಗಿದೆ ಅಂತ."

"ತನ್ನ ಮನೆಗೆ ತಾನೇ ಕನ್ನ ಹಾಕೋದು ಇದೇ ಮೊದಲು ಕೇಳಿದ್ದು," ಅಂದ ನಾಗು.

ಈ ಹೊತ್ತಿಗೆ ಮೇಷ್ಟ್ರು ಎಪಿಎ, ಅಂದರೆ ಅಮೆರಿಕದ ಮನೋವಿಜ್ಞಾನ ಸಂಘದವರು ಬರಹಕ್ಕೆ ಹಾಕಿಕೊಟ್ಟ ಶೈಲಿಗೆ ಇಳಿದಿದ್ದರು. 40 ಪದ ಅಥವಾ ಅದಕ್ಕಿಂತ ಉದ್ದದ ಉದ್ಧರಣಕ್ಕೆ ಚಿಹ್ನೆ ಬೇಡ, ಇಡೀ ಪ್ಯಾರಾ ಒಳಕ್ಕೆ ಸರಿಸಬೇಕು. ಕಂಸದೊಳಗೆ ಹೆಸರಿಗೂ ಇಸವಿಗೂ ನಡುವೆ ಅಲ್ಪವಿರಾಮ ಬರಬೇಕು. 1929ರಲ್ಲಿ 7 ಪುಟದ ಸೂಚನೆಯಾಗಿ ಹುಟ್ಟಿದ ಅದರ ಕೈಪಿಡಿ 2019ರ 7ನೇ ಆವೃತ್ತಿ ಹೊತ್ತಿಗೆ 400 ಪುಟ ಮೀರಿದೆ ಅಂತ ಮೊಮ್ಮಗ ಬೆಳೆದ ಸಂಭ್ರಮದಲ್ಲಿ ಹೇಳಿದರು. ಅಲ್ಪವಿರಾಮ ತಪ್ಪಿದ್ದಕ್ಕೆ ಮೂರು ಸಲ ಥೀಸಿಸ್ ವಾಪಸ್ ಕಳಿಸೋ ಗೈಡುಗಳು ಒಳಗಿನ ಒಂದು ಅಧ್ಯಾಯವನ್ನೂ ಓದಿರಲ್ಲ ಅಂತ ಪದ್ಮಕ್ಕ ಗೊಣಗಿದ್ದು ಅವರಿಗೆ ಕೇಳಿಸಲಿಲ್ಲ.

ಪದ್ಮಕ್ಕ ಮತ್ತೆ ರಿಪೋರ್ಟಿಗೆ ಬಂದರು. ಬಣ್ಣಗಳ ನಡುವೆ ಒಂದು ಸಾಲು ಬಿಳಿಯಾಗೇ ಉಳಿದಿತ್ತು. ಹೊಸ ಕಡತದಲ್ಲೂ ಅದು ಹಾಗೇ ಇತ್ತು. "‘ಹೊಳೆ ಅಂದರೆ ನೀರು ಹರಿಯೋ ಜಾಗ ಅಲ್ಲ, ಬೆಟ್ಟ ಹರಿಯೋ ಜಾಗ.’ ಇದು ಚೆನ್ನಾಗಿದೆಯಲ್ಲೋ! ಇದನ್ನ ಯಂತ್ರಕ್ಕೆ ಹಾಕಲಿಲ್ವಾ?"

"ಹಾಕಿದ್ದೆ. ಬಂದದ್ದನ್ನ ನೋಡಿ ಮನಸ್ಸು ತಡೀಲಿಲ್ಲ, ಮತ್ತೆ ಮೊದಲಿನ ಹಾಗೇ ಮಾಡಿದೆ. ಅದು ನಂದಲ್ಲ ಪದ್ಮಕ್ಕ. ಕಾಲೇಜಿನಲ್ಲಿ ನಮ್ಮ ಗುರುಗಳು ಹೇಳ್ತಿದ್ದದ್ದು. ಕಿಟಕಿ ಹತ್ತಿರ ನಿಂತು, ಸೀಮೆಸುಣ್ಣದ ಕೈ ಕೋಟಿಗೆ ಒರೆಸಿಕೊಳ್ತಾ ಹೇಳೋರು. ಎಲ್ಲೂ ಬರೀಲಿಲ್ಲ. ಪುಸ್ತಕ ಬರೀತೀನಿ ಅಂತಿದ್ರು, ಆಗಲಿಲ್ಲ. ಈಗ ಅವರೇ ಇಲ್ಲ."

"ಹಾಗಾದ್ರೆ ಯಾವ ಯಂತ್ರಕ್ಕೂ ಸಿಗಲ್ಲ," ಅಂದ ನಾಗು. "ಸೊನ್ನೆ ಪರ್ಸೆಂಟ್. ನಿಂದೇ ಅನ್ನು."

ಸುಬ್ಬಣ್ಣ ಅವನ ಕಡೆ ನೋಡಲೂ ಇಲ್ಲ. "ಇದಕ್ಕೆ ಹೆಸರು ಹೇಗೆ ಹಾಕೋದು ಮೇಷ್ಟ್ರೇ?"

"ಅದನ್ನ ವೈಯಕ್ತಿಕ ಸಂವಹನ ಅಂತಾರೆ. ವಾಕ್ಯದ ಪಕ್ಕ ಕಂಸದಲ್ಲಿ ಹೆಸರು, ದಿನಾಂಕ. ಕೊನೆಯ ಪಟ್ಟೀಲಿ ಮಾತ್ರ ಬರೋ ಹಾಗಿಲ್ಲ. ಓದುಗರು ಹುಡುಕಿ ತೆಗೆಯೋಕೆ ಆಗಲ್ವಲ್ಲ."

"ಪಚ್ಚೆ ಮತ್ತು ಮಿಕ್ಕವರು ಪಟ್ಟೀಲಿ ಬರ್ತಾರೆ, ನಮ್ಮ ಗುರುಗಳು ಬರಲ್ವಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನಿಯಮ ಹಾಗಿದೆಯಪ್ಪ."

"ದಿನಾಂಕ ಎಲ್ಲಿಂದ ತರಲಿ? ವಾರಕ್ಕೊಂದು ಸಲ ಹೇಳೋರು."

"ಯಾವುದಾದ್ರೂ ಒಂದು ಹಾಕು," ಅಂದ ನಾಗು.

"ಹಾಕಿದ್ರೆ ಅದೂ ಇಲ್ಲದ ಲೇಖನದ ಪುಟಸಂಖ್ಯೆ ಇದ್ದಂಗೇ," ಅಂದ್ರು ಪದ್ಮಕ್ಕ. "ಕ್ಲಾಸ್ ನೋಟ್ಸ್ ಇಟ್ಟಿದ್ದೀಯಾ? ಮೇಲ್ಗಡೆ ತಾರೀಖು ಹಾಕಿರ್ತೀರಲ್ಲ."

ಸುಬ್ಬಣ್ಣ ಆಗಲೇ ಫೋನಿನಲ್ಲಿ ಯಾರದೋ ನಂಬರು ಹುಡುಕುತ್ತಿದ್ದ. "ನನ್ನ ನೋಟ್ಸ್ ಎಲ್ಲಿತ್ತು ಪದ್ಮಕ್ಕ? ನಾನು ಪರೀಕ್ಷೆ ಹಿಂದಿನ ದಿನ ಕಿಟ್ಟೀದು ಜೆರಾಕ್ಸ್ ಮಾಡಿಸ್ಕೊಳ್ತಿದ್ದೆ."

"ಅಂದ್ಮೇಲೆ ಕಿಟ್ಟೀಗೂ ಒಂದು ಕಂಸ ಬೇಕು," ಅಂದ್ರು ಮೇಷ್ಟ್ರು. "ಅಲ್ಪವಿರಾಮ ಮರೀಬೇಡ."