ಓದುಗರ ಸ್ಪಂದನ: ಮಗು ದೊಡ್ಡದಾಗುವವರೆಗೆ ಹೊಲಿಗೆ ನಿಲ್ಲಿಸಬೇಕೇ?

ಕಳೆದ ಸಂಚಿಕೆಯ ಸಮಸ್ಯೆ: ತುಮಕೂರಿನ ಓದುಗಿಯೊಬ್ಬರು ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಮಗನಿಗೆ ಒಂದೂವರೆ ವರ್ಷ. ಗಿರಾಕಿಗಳು ಹೊತ್ತುಗೊತ್ತಿಲ್ಲದೆ ಬರುತ್ತಾರೆ. ಮಗು ಮಲಗಿದ ಮೇಲೆ ನಡುರಾತ್ರಿವರೆಗೆ ಹೊಲಿಗೆ, ಬೆಳಗಾದರೆ ಬೆನ್ನುನೋವು. ‘ಮನೆಯಲ್ಲೇ ಇದ್ದೀಯಲ್ಲ, ಏನು ಕಷ್ಟ’ ಎನ್ನುವ ಪತಿ, ‘ಮಗುವಿಗಿಂತ ಮಿಷನ್ ಹೆಚ್ಚಾಯಿತೇ’ ಎನ್ನುವ ಅತ್ತೆ. ಹೊಲಿಗೆ ಬಿಟ್ಟುಬಿಡಲೇ ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

*

ತಂಗಿ, ಬಿಡಬೇಡ. ಮೊದಲು ನಿನ್ನ ಬಾಗಿಲಿಗೊಂದು ಹೊತ್ತು ಗೊತ್ತುಮಾಡು. ಬಟ್ಟೆ ಕೊಡುವುದು, ಒಯ್ಯುವುದು ಸಂಜೆ ನಾಲ್ಕರಿಂದ ಆರರವರೆಗೆ ಮಾತ್ರ ಎಂದು ರಟ್ಟಿನ ಮೇಲೆ ಬರೆದು ಗೇಟಿಗೆ ತೂಗುಹಾಕು. ಮೊದಮೊದಲು ಮುಖ ಊದಿಸಿಕೊಳ್ಳುತ್ತಾರೆ, ಆಮೇಲೆ ಹೊಂದಿಕೊಳ್ಳುತ್ತಾರೆ. ತೋಳು, ಕಂಕುಳು ಸರಿಯಾಗಿ ಕೂರುವಂತೆ ಹೊಲಿಯುವವಳನ್ನು ಯಾರೂ ಅಷ್ಟು ಸುಲಭವಾಗಿ ಕೈಬಿಡುವುದಿಲ್ಲ.

ಕತ್ತರಿಸುವುದನ್ನೂ ಹೊಲಿಯುವುದನ್ನೂ ಬೇರೆ ಬೇರೆ ಹೊತ್ತಿಗೆ ಇಟ್ಟುಕೋ. ಕತ್ತರಿ ಹಿಡಿದಾಗ ಗಮನ ಒಂದೆಡೆ ಇರಬೇಕು, ಮಗು ಸೆರಗು ಎಳೆಯುತ್ತಿರುವಾಗ ರೇಷ್ಮೆ ಬಟ್ಟೆ ಮುಟ್ಟಲೇಬೇಡ. ಅವನು ಮಧ್ಯಾಹ್ನ ಮಲಗಿದಾಗ ನಾಲ್ಕೈದು ರವಿಕೆ ಒಟ್ಟಿಗೆ ಕತ್ತರಿಸಿ, ಲೈನಿಂಗ್, ದಾರ, ಅಳತೆಯ ಚೀಟಿ ಸಮೇತ ಒಂದೊಂದನ್ನೂ ಒಂದೊಂದು ಚೀಲಕ್ಕೆ ಹಾಕಿಡು. ಆಮೇಲೆ ಹೊಲಿಗೆ ನಡುನಡುವೆ ನಿಂತರೂ ನಷ್ಟವಿಲ್ಲ. ಹೆಮ್ಮಿಂಗ್, ಹುಕ್ಕು, ಸೀರೆಯ ಕುಚ್ಚು ಎಲ್ಲವನ್ನೂ ನೀನೇ ಏಕೆ ಮಾಡಬೇಕು? ಕೈಹೊಲಿಗೆ ಬಲ್ಲ ಹೆಂಗಸರು ಯಾವ ಬೀದಿಯಲ್ಲಿಲ್ಲ! ಒಂದಕ್ಕೆ ಇಷ್ಟು ಎಂದು ಮಾತಾಡಿ ಕೊಟ್ಟುಬಿಡು.

ಹಬ್ಬದ ಲೆಕ್ಕವೂ ನಿನಗೆ ತಿಳಿಯದ್ದಲ್ಲ. ಆಷಾಢದಲ್ಲಿ ಮಿಷನ್ ತಣ್ಣಗಿರುತ್ತದೆ. ಶ್ರಾವಣ ಬಂತೆಂದರೆ ವರಮಹಾಲಕ್ಷ್ಮಿಯ ಆ ಒಂದು ಶುಕ್ರವಾರಕ್ಕೆ ಊರಿನವರಿಗೆಲ್ಲ ಹೊಸ ರವಿಕೆ ಬೇಕು. ಹಬ್ಬಕ್ಕೆ ಎರಡು ವಾರ ಇರುವಾಗಲೇ ಪುಸ್ತಕ ಮುಚ್ಚಿಬಿಡು. ಪುಸ್ತಕ ಎಂದೆನಲ್ಲ, ಬಟ್ಟೆ ಬಂದ ದಿನ, ಕೊಡುವ ದಿನ, ಮುಂಗಡ ಮೂರೂ ಅದರಲ್ಲಿರಲಿ. ಅರ್ಧ ದುಡ್ಡು ಕೈಗೆ ಬಾರದೆ ಕತ್ತರಿ ಎತ್ತಬೇಡ. ನೆಂಟರಿಗೂ ಇದೇ ನಿಯಮ, ಬಾಕಿ ಉಳಿಸಿಕೊಳ್ಳುವವರಲ್ಲಿ ಅವರೇ ಹೆಚ್ಚು.

ಇನ್ನೊಂದು ಮಾತು. ಆ ವಯಸ್ಸಿನ ಮಗುವಿಗೆ ಕಂಡದ್ದೆಲ್ಲ ಬಾಯಿಗೆ. ಹಳೆಯ ಸ್ಪೀಕರಿನ ಅಯಸ್ಕಾಂತವೊಂದನ್ನು ದಾರಕ್ಕೆ ಕಟ್ಟಿಕೋ, ಮಿಷನ್ನಿನಿಂದ ಎದ್ದಾಗಲೆಲ್ಲ ಅದನ್ನು ನೆಲದ ಮೇಲೆ ಎಳೆದುಬಿಡು. ಮಂಚದ ಕೆಳಗೆ ಉರುಳಿದ ಉಕ್ಕಿನ ಗುಂಡುಸೂಜಿಗಳೂ ಟಪಟಪನೆ ಅಂಟಿಕೊಂಡು ಬರುತ್ತವೆ. ಹಿತ್ತಾಳೆಯ ಹುಕ್ಕುಗಳು ಬರುವುದಿಲ್ಲ, ಅವನ್ನು ಕಣ್ಣಿನಿಂದಲೇ ಹುಡುಕಬೇಕು. ಕಾಲಿನಿಂದ ತುಳಿಯುವ ಮಿಷನ್ನಾದರೆ ಏಳುವಾಗ ಚಕ್ರದಿಂದ ಬೆಲ್ಟನ್ನು ಕಳಚಿಡು. ತಿರುಗುವ ಚಕ್ರ ಕಂಡರೆ ಮಕ್ಕಳು ಬೆರಳು ಇಡದೆ ಬಿಡುವುದಿಲ್ಲ.

— ಮನೆಯಲ್ಲೇ ಹೊಲಿಯುವ ಟೈಲರ್, ದಾವಣಗೆರೆ

*

ನಾನೂ ಒಬ್ಬ ಅತ್ತೆ. ನಿಮ್ಮ ಅತ್ತೆಯವರ ಮಾತು ಕಟುವೇ, ಆದರೆ ಅವರ ಮಂಡಿಯ ಸ್ಥಿತಿ ಹೇಗಿದೆಯೋ ನೀವು ಬರೆದಿಲ್ಲ. ನಡೆಯಲು ಕಲಿತ ಮಗುವಿನ ಹಿಂದೆ ಈ ವಯಸ್ಸಿನಲ್ಲಿ ಓಡುವುದು ಹುಡುಗಾಟವಲ್ಲ. ‘ಸ್ವಲ್ಪ ನೋಡಿಕೊಳ್ಳಿ’ ಎಂದು ಒಳಗೆ ಹೋದ ಸೊಸೆ ಎರಡು ಗಂಟೆಯಾದರೂ ಹೊರಗೆ ಬಾರದಿದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ. ‘ಹತ್ತೂವರೆಯಿಂದ ಹನ್ನೆರಡರವರೆಗೆ ನೋಡಿಕೊಳ್ಳಿ, ಅತ್ತೆ’ ಎಂದು ಬಾಯಿಬಿಟ್ಟು ಕೇಳಿ. ಹನ್ನೆರಡಾದಾಗ ತೋಳು ಅರ್ಧವಾಗಿದ್ದರೂ ಎದ್ದು ಬನ್ನಿ.

ನನ್ನ ಸೊಸೆ ಮನೆಯಲ್ಲಿ ಕೇಕ್ ಮಾಡಿ ಮಾರುತ್ತಾಳೆ. ಪ್ರತಿ ತಿಂಗಳು ನನ್ನ ಕೈಗೆ ಸಾವಿರ ರೂಪಾಯಿ ಇಡುತ್ತಾಳೆ. ಮೊಮ್ಮಗಳನ್ನು ನೋಡಿಕೊಳ್ಳುವುದಕ್ಕೂ ಕೂಲಿಯೇ ಎಂದು ಮೊದಲ ಸಲ ನನಗೆ ಕೆಂಡದಂಥ ಕೋಪ ಬಂದಿತ್ತು. ಈಗ ಒಂದನೇ ತಾರೀಖಿಗೆ ಅವಳು ಮರೆತರೆ ನಾನೇ ಜ್ಞಾಪಿಸುತ್ತೇನೆ.

— ಅಜ್ಜಿ, ಹಾಸನ

*

ಎಲ್ಲರೂ ನಿಮಗೆ ಧೈರ್ಯ ಹೇಳುತ್ತಾರೆ. ನಾನು ಟೈಲರ್ ಒಬ್ಬರ ಮಗಳು, ಸ್ವಲ್ಪ ಬೇರೆ ಮಾತು ಹೇಳಬೇಕಾಗಿದೆ. ಅಮ್ಮ ದಿನವಿಡೀ ಮನೆಯಲ್ಲೇ ಇರುತ್ತಿದ್ದರು, ಆದರೂ ಸಿಗುತ್ತಿರಲಿಲ್ಲ. ಏನು ಕೇಳಿದರೂ ‘ಇರು, ಇದೊಂದು ತೋಳು’ ಎಂಬ ಉತ್ತರ. ಕಚೇರಿಗೆ ಹೋಗುತ್ತಿದ್ದ ಪಕ್ಕದ ಮನೆಯ ಆಂಟಿ ಸಂಜೆ ಬಂದ ಮೇಲೆ ಪೂರ್ತಿ ಅವರ ಮಕ್ಕಳವರಾಗಿರುತ್ತಿದ್ದುದನ್ನು ಕಂಡು ನನಗೆ ಹೊಟ್ಟೆಯುರಿಯುತ್ತಿತ್ತು. ಅಮ್ಮನ ದುಡಿಮೆಯಿಂದಲೇ ನಾನು ಓದಿದ್ದು ಎಂಬುದೂ ನಿಜ, ಹೊಟ್ಟೆಯುರಿದದ್ದೂ ನಿಜ.

ಅದಕ್ಕೇ ಹೇಳುವುದು, ಮೊದಲು ರಾತ್ರಿ ಹೊಲಿಗೆಯನ್ನು ಬಿಡಿ. ರವಿಕೆಗಳ ಸಂಖ್ಯೆ ಇಳಿಸಿ, ದರ ಏರಿಸಿ. ತಿಂಗಳಿಗೆ 40 ರವಿಕೆ 300 ರೂಪಾಯಿಯಂತೆ ಹೊಲಿದರೂ 12,000, 30 ರವಿಕೆ 400ರಂತೆ ಹೊಲಿದರೂ 12,000. ಹತ್ತು ರವಿಕೆಯ ದಾರ, ಲೈನಿಂಗ್ ಮತ್ತು ನಿದ್ದೆ ಉಳಿತಾಯ. ನೂರು ರೂಪಾಯಿ ಹೆಚ್ಚಾಯಿತೆಂದು ಕೆಲವರು ಹೋಗುತ್ತಾರೆ, ಹೋಗಲಿ ಬಿಡಿ. ಚೌಕಾಸಿ ಮಾಡಿ, ತಡವಾಗಿ ದುಡ್ಡು ಕೊಟ್ಟು, ಎರಡು ಸಲ ಬಿಚ್ಚಿಸಿ ಹೊಲಿಸಿಕೊಳ್ಳುವವರೇ ಸಾಮಾನ್ಯವಾಗಿ ಮೊದಲು ಹೋಗುವವರು.

— ಉಪನ್ಯಾಸಕಿ, ಮೈಸೂರು

*

ಬ್ಯಾಂಕಿನಲ್ಲಿದ್ದು ನಿವೃತ್ತನಾದವನು ನಾನು. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ. ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗಾಗಿ 15,000 ರೂಪಾಯಿಯವರೆಗೆ ನೆರವು, ಆಮೇಲೆ ಅಡಮಾನವಿಲ್ಲದೆ ಶೇ 5ರ ಬಡ್ಡಿಗೆ ಮೊದಲ ಕಂತಾಗಿ ಒಂದು ಲಕ್ಷದವರೆಗೆ ಸಾಲ. ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಮುದ್ರಾ ಸಾಲ ತೆಗೆದುಕೊಂಡು ಪೂರ್ತಿ ತೀರಿಸದಿದ್ದರೆ ಇದು ಸಿಗುವುದಿಲ್ಲ. ನಿಮ್ಮಲ್ಲಿ ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಹತ್ತಿರದ ಸಾಮಾನ್ಯ ಸೇವಾ ಕೇಂದ್ರದಲ್ಲಿ ವಿಚಾರಿಸಿ. ತರಬೇತಿಗೆ ಮನೆಯಿಂದ ಹೊರಗೆ ಹೋಗಬೇಕಾಗುತ್ತದೆ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಅರ್ಜಿಗೆ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ.

ಸಾಲಕ್ಕೆ ಮಾತ್ರ ಈಗಲೇ ಕೈಯೊಡ್ಡಬೇಡಿ. ಈಗ ನಿಮಗೆ ಕೊರತೆಯಿರುವುದು ಸಮಯಕ್ಕೆ, ಸಾಲ ತಂದರೆ ಕಂತಿಗಾಗಿ ಇನ್ನೂ ಹೆಚ್ಚು ಹೊಲಿಯಬೇಕಾಗುತ್ತದೆ. ಹೊಲಿಗೆಯ ದುಡ್ಡಿಗೇ ಬೇರೆ ಖಾತೆಯೊಂದನ್ನು ತೆರೆಯಿರಿ. ಅಡುಗೆಮನೆಯ ಡಬ್ಬಿಗೆ ಬಿದ್ದ ಹಣ ತರಕಾರಿಗೆ, ಗ್ಯಾಸಿಗೆ ಕರಗಿಹೋಗುತ್ತದೆ, ನೀವು ಎಷ್ಟು ದುಡಿದಿರಿ ಎಂಬುದು ನಿಮಗೂ ತಿಳಿಯುವುದಿಲ್ಲ, ನಿಮ್ಮ ಪತಿಗಂತೂ ಇಲ್ಲವೇ ಇಲ್ಲ. ಆರು ತಿಂಗಳ ಪಾಸ್‌ಬುಕ್ ಅವರ ಮುಂದಿಡಿ, ‘ಏನು ಕಷ್ಟ’ ಎಂದು ಕೇಳುವ ದನಿ ಆಮೇಲೆ ಹೇಗಿರುತ್ತದೆ ನೋಡಿ.

— ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ

*

ಇದು ಆ ಪತಿರಾಯರಿಗೆ. ನನ್ನ ಹೆಂಡತಿ ಮನೆಯಿಂದಲೇ ಇಳಕಲ್ ಸೀರೆ ಮಾರುತ್ತಾಳೆ, ನಮಗೂ ಎರಡು ವರ್ಷದ ಮಗಳಿದ್ದಾಳೆ. ಸರ್, ಭಾನುವಾರ ಬೆಳಿಗ್ಗೆ ಮಗನನ್ನು ಎತ್ತಿಕೊಂಡು ಮನೆಯಿಂದ ಹೊರಗೆ ಹೋಗಿ. ಒಳಗೇ ಕುಳಿತು ‘ನಾನು ನೋಡಿಕೊಳ್ಳುತ್ತೇನೆ’ ಎಂದರೆ ನೀವು ಮೊಬೈಲ್ ನೋಡುತ್ತೀರಿ, ಅವನು ಅಮ್ಮನ ಮಿಷನ್ ಹತ್ತಿರ ಹೋಗುತ್ತಾನೆ. ಪಾರ್ಕಿಗೋ ದೇವಸ್ಥಾನಕ್ಕೋ ಕರೆದೊಯ್ದು ಊಟದ ಹೊತ್ತಿಗೆ ಬಂದರೆ ಸಾಕು. ಹೊರಡುವಾಗ ಬದಲಿ ಚಡ್ಡಿ ಎಲ್ಲಿ, ನೀರಿನ ಬಾಟಲಿ ಎಲ್ಲಿ, ಟೊಪ್ಪಿಗೆ ಎಲ್ಲಿ ಎಂದು ನಾಲ್ಕು ಸಲ ಅವರನ್ನು ಮಿಷನ್ನಿನಿಂದ ಎಬ್ಬಿಸಬೇಡಿ. ಎಲ್ಲವೂ ಎಲ್ಲಿರುತ್ತವೆ ಎಂದು ಶನಿವಾರ ರಾತ್ರಿಯೇ ನೋಡಿಟ್ಟುಕೊಳ್ಳಿ.

— ಓದುಗ, ಹುಬ್ಬಳ್ಳಿ