ಹ್ಯಾರಿಸ್ ಪಾರ್ಕಾ, ವೆಂಟ್‌ವರ್ತ್‌ವಿಲ್ಲಾ? ಆರು ವರ್ಷದ ಮಗಳಿಗೆ ಯಾವ ಏರಿಯಾ?

ಬೆಂಗಳೂರಿಂದ ಬರ್ತಿರೋರು:
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನ್ರಿಗೆ ಸಿಡ್ನಿಯ ಪ್ಯಾರಾಮಟ್ಟಾದಲ್ಲಿ ಕೆಲಸ, 482 ಅನ್ನೋ ತಾತ್ಕಾಲಿಕ ಕೆಲಸದ ವೀಸಾ. ಜನವರಿಗೆ ಬರ್ತೀವಿ. ಹ್ಯಾರಿಸ್ ಪಾರ್ಕ್ ತುಂಬಾ ನಮ್ಮವರೇ ಅಂತಾರೆ. ಅಲ್ಲಿದ್ರೆ ಮಗಳು ಬೇರೆಯವರ ಜೊತೆ ಬೆರೀತಾಳಾ? ದೂರ ಹೋದ್ರೆ ಕನ್ನಡ ಮರೀತಾಳಾ? ಸ್ಕೂಲಿಗೆ ಏನೇನು ಕಾಗದ ಬೇಕು?

ಟೂಂಗಾಬಿ ನಿವಾಸಿ:
ಹ್ಯಾರಿಸ್ ಪಾರ್ಕಲ್ಲಿ ಭಾರತದವರು ಜಾಸ್ತಿ, ಆದ್ರೆ ಕನ್ನಡದವರು ಕಮ್ಮಿ. ವಿಗ್ರಮ್ ಸ್ಟ್ರೀಟಲ್ಲಿ ಕಿವಿಗೆ ಬೀಳೋದು ಗುಜರಾತಿ, ಪಂಜಾಬಿ, ಹಿಂದಿ, ತೆಲುಗು, ನೇಪಾಳಿ. ಮೊದಲು ಅದು ಲೆಬನಾನಿನವರ ಕೇರಿ, ಅವರ ದೊಡ್ಡ ಚರ್ಚು ಈಗಲೂ ಅಲ್ಲೇ ಇದೆ. ಈಗಿರೋರಲ್ಲಿ ಹೆಚ್ಚಿನವರು ಬಾಡಿಗೆಯವರು: ವಿದ್ಯಾರ್ಥಿಗಳು, ಹೊಸದಾಗಿ ಬಂದ ಜೋಡಿಗಳು. ಲಿಫ್ಟಿಲ್ಲದ ಹಳೇ ಇಟ್ಟಿಗೆ ಅಪಾರ್ಟ್‌ಮೆಂಟ್‌ಗಳು ಬಹಳ. ಶನಿವಾರ ರಾತ್ರಿ ಹೋಟೆಲುಗಳ ಗಲಾಟೆ, ಪಾರ್ಕಿಂಗ್ ಸಿಗಲ್ಲ. ಮಕ್ಕಳು ಬೆಳೀತಿದ್ದ ಹಾಗೆ ಜನ ವೆಂಟ್‌ವರ್ತ್‌ವಿಲ್, ಗಿರವೀನ್, ಸ್ಕೋಫೀಲ್ಡ್ಸ್ ಕಡೆ ಹೋಗ್ತಾರೆ. ಮಗಳು ಬೆರೆಯೋದಕ್ಕಿಂತ ಯೋಚಿಸಬೇಕಾದ್ದು ಇದು: ಈ ವರ್ಷ ಜೊತೆಗಿದ್ದ ಗೆಳತಿ ಮುಂದಿನ ವರ್ಷ ಅಲ್ಲಿರಲ್ಲ. ಪೆಂಡಲ್ ಹಿಲ್, ವೆಂಟ್‌ವರ್ತ್‌ವಿಲ್ ಕಡೆ ಶ್ರೀಲಂಕಾ ತಮಿಳರು ಹಳಬರು, ನೆಲೆಯೂರಿದವರು.

ಎಬಿಎಸ್ (ಆಸ್ಟ್ರೇಲಿಯಾದ ಅಂಕಿಅಂಶ ಇಲಾಖೆ) ಸೈಟಲ್ಲಿ 2021ರ ಸೆನ್ಸಸ್ ಕ್ವಿಕ್‌ಸ್ಟ್ಯಾಟ್ಸ್ ತೆಗೆದು ಎರಡು ಸಬರ್ಬ್ ಹೋಲಿಸಿ. ವಯಸ್ಸು, ಬಾಡಿಗೆ ಮನೆಗಳ ಪಾಲು, ಮನೆಮಾತು ನೋಡಿ. ಅಲ್ಲಿ ಬರೋದು ಮುಖ್ಯ ಭಾಷೆಗಳು ಮಾತ್ರ. ಕನ್ನಡ ಕಾಣಲಿಲ್ಲ ಅಂತ ಯಾರೂ ಇಲ್ಲ ಅಂದ್ಕೋಬೇಡಿ.

ಬಾಲ್ಕಮ್ ಹಿಲ್ಸ್ ತಂದೆ:
ಇದೆಲ್ಲ ಬಿಡಿ ಮೇಡಂ. ಏರಿಯಾ ಅಂದ್ರೆ ಸ್ಕೂಲು, ಅಷ್ಟೇ. ಜೇಮ್ಸ್ ರೂಸ್, ಗಿರವೀನ್, ಬಾಲ್ಕಮ್ ಹಿಲ್ಸ್, ಈ ಮೂರು ಸೆಲೆಕ್ಟಿವ್ (ಪರೀಕ್ಷೆ ಬರೆದು ಸೇರೋ ಸರ್ಕಾರಿ) ಹೈಸ್ಕೂಲುಗಳ ಹತ್ತಿರ ಮನೆ ಹಿಡೀರಿ. ನಾಲ್ಕನೇ ಕ್ಲಾಸಲ್ಲಿ ಓಸಿ ಪರೀಕ್ಷೆ (ಐದು, ಆರನೇ ಕ್ಲಾಸಿನ ಜಾಣ ಮಕ್ಕಳ ಆಪರ್ಚುನಿಟಿ ಕ್ಲಾಸಿಗೆ), ಆರರಲ್ಲಿ ಸೆಲೆಕ್ಟಿವ್. ಈಗಿಂದಲೇ ತಯಾರಿ ಶುರು ಮಾಡಿ. ಕನ್ನಡ ಮನೇಲಿ ತಾನಾಗೇ ಬರುತ್ತೆ.

ವೆಸ್ಟ್‌ಮೀಡ್ ಅಮ್ಮ:
ತಾನಾಗೇ ಬರಲ್ಲ ಸರ್. ನಾವು ಕನ್ನಡದಲ್ಲಿ ಕೇಳ್ತೀವಿ, ಮಕ್ಕಳು ಇಂಗ್ಲಿಷಲ್ಲಿ ಉತ್ತರ ಕೊಡ್ತಾರೆ, ಆಮೇಲೆ ನಾವೂ ಇಂಗ್ಲಿಷಿಗೆ ಇಳೀತೀವಿ. ಭಾನುವಾರದ ಕ್ಲಾಸಲ್ಲಿ ಅಕ್ಷರ ಬರುತ್ತೆ, ಮಾತು ಬರಲ್ಲ. ದಿನಾ ಅಜ್ಜಿ ಜೊತೆ ವಿಡಿಯೊ ಕಾಲ್ ಇಟ್ಕೊಳ್ಳಿ ತಂಗಿ. ಅಜ್ಜಿಗೆ ಇಂಗ್ಲಿಷ್ ಬರದಿದ್ರೆ ಇನ್ನೂ ಒಳ್ಳೇದು.

ಬಾಲ್ಕಮ್ ಹಿಲ್ಸ್ ತಂದೆ:
ಭಾಷೆಗೆ ಅಂತ ಮಗುವಿನ ಭವಿಷ್ಯ ಬಲಿ ಕೊಡ್ತೀರಾ? ನಾವು ಊರು ಬಿಟ್ಟು ಬಂದಿದ್ದು ಮಕ್ಕಳ ಓದಿಗೆ. ಹತ್ತಿರ ಮನೆ ಮಾಡದೇ ಆಮೇಲೆ ಒದ್ದಾಡೋರು ಎಷ್ಟು ಜನ!

ಟೂಂಗಾಬಿ ನಿವಾಸಿ:
ಸರ್, ಆ ಮೂರೂ ಪರೀಕ್ಷೆಯ ಅಂಕದ ಮೇಲೆ ಸೇರಿಸಿಕೊಳ್ಳೋ ಶಾಲೆಗಳು, ಅವಕ್ಕೆ ಮನೆ ವಿಳಾಸದ ಹಂಗಿಲ್ಲ. 2024ರ ಡಿಸೆಂಬರಿಂದ ವೆಸ್ಟ್‌ಮೀಡಿಂದ ಜೇಮ್ಸ್ ರೂಸ್ ಇರೋ ಕಾರ್ಲಿಂಗ್‌ಫರ್ಡಿಗೆ ಲೈಟ್ ರೈಲೂ ಇದೆ. ಅದೂ ಅಲ್ಲದೆ ಸೆಲೆಕ್ಟಿವ್ ಸೀಟಿಗೆ ಪಿಆರ್ (ಖಾಯಂ ವಾಸದ ವೀಸಾ) ಅಥವಾ ಪೌರತ್ವ ಬೇಕು. ಇವರದು 482.

ಬಾಲ್ಕಮ್ ಹಿಲ್ಸ್ ತಂದೆ:
ಪಿಆರ್ ಆಗೇ ಆಗುತ್ತೆ. ತಯಾರಿ ಆಗ ಶುರು ಮಾಡಿದ್ರೆ ತಡ.

ಮೇಸ್ ಹಿಲ್ ನಿವಾಸಿ:
ಕಾಗದದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ತಾತ್ಕಾಲಿಕ ವೀಸಾದವರು ಮೊದಲು ಶಿಕ್ಷಣ ಇಲಾಖೆಯ ಟೆಂಪರರಿ ರೆಸಿಡೆಂಟ್ಸ್ ಪ್ರೋಗ್ರಾಂಗೆ ಅರ್ಜಿ ಹಾಕಬೇಕು. ಅಲ್ಲಿಂದ ಒಪ್ಪಿಗೆ ಪತ್ರ ಬಂದ ಮೇಲೇ ಶಾಲೆ ಸೇರಿಸಿಕೊಳ್ಳೋದು. 482ಕ್ಕೆ ವರ್ಷದ ಶುಲ್ಕ ಇದೆ, ಬಜೆಟ್ಟಲ್ಲಿ ಸೇರಿಸಿಕೊಳ್ಳಿ. ಆಮೇಲೆ ವಿಳಾಸದ ಪುರಾವೆಗೆ ಒಟ್ಟು 100 ಪಾಯಿಂಟ್ ಆಗೋಷ್ಟು ಕಾಗದ ಕೇಳ್ತಾರೆ. ಏಜೆಂಟ್ ಮೂಲಕ ಮಾಡಿದ ಕನಿಷ್ಠ ಆರು ತಿಂಗಳ ಲೀಸಿಗೆ 40. ಕರೆಂಟ್ ಬಿಲ್, ಇಂಟರ್ನೆಟ್ ಬಿಲ್, ಇಲ್ಲಿನ ಡ್ರೈವಿಂಗ್ ಲೈಸೆನ್ಸ್, ಮನೆ ಸಾಮಾನಿನ ವಿಮೆ, ಇವು ತಲಾ 15. ಅಲ್ಲಿಗೆ 100 ಆಯ್ತು. ಎಡವೋದು ಇಲ್ಲೇ: ಪರಿಚಯದವರ ಮನೇಲಿ ಶೇರಿಂಗಲ್ಲಿದ್ರೆ ಲೀಸಲ್ಲಿ ನಿಮ್ಮ ಹೆಸರಿರಲ್ಲ, ಆ 40 ಸಿಗಲ್ಲ. ಲೀಸಿಗೆ ಸಹಿ ಹಾಕೋ ಮುಂಚೆ ಯಾವ ಮನೆಗೆ ಯಾವ ಸರ್ಕಾರಿ ಶಾಲೆ ಅಂತ ತೋರಿಸೋ ಸ್ಕೂಲ್ ಫೈಂಡರ್ ಸೈಟಲ್ಲಿ ಆ ಮನೆ ನಂಬರೇ ಹಾಕಿ ನೋಡಿ. ಒಂದೇ ರಸ್ತೆಯ ಎರಡು ಬದಿಗೆ ಬೇರೆ ಬೇರೆ ಶಾಲೆ ಇರಬಹುದು. ಬಾಂಡ್ (ನಮ್ಮ ಕಡೆ ಅಡ್ವಾನ್ಸ್ ಅಂತಾರಲ್ಲ, ಅದು) ನಾಲ್ಕು ವಾರದ ಬಾಡಿಗೆಗಿಂತ ಜಾಸ್ತಿ ಕೇಳೋ ಹಾಗಿಲ್ಲ.