ಮುಂಬಯಿಯ ಲೋಕಲ್ ರೈಲಿನಲ್ಲಿ ನಾನೊಬ್ಬಳೇ ಮಾಸ್ಕ್ ಹಾಕಿಕೊಂಡರೆ ಏನಾದರೂ ಉಪಯೋಗವಿದೆಯೇ?

ಡೊಂಬಿವಲಿ ಸೊಸೆ:
ಮನೆಯಲ್ಲಿ ಮಾವನವರಿದ್ದಾರೆ. ಫೋರ್ಟಿನ ಹೋಟೆಲೊಂದರ ಅಡುಗೆಮನೆಯಲ್ಲಿ ಆಯುಷ್ಯವೆಲ್ಲ ಒಲೆಯ ಹೊಗೆ ಕುಡಿದವರು. ಈಗ ಸಿಒಪಿಡಿ, ಅಂದರೆ ಉಸಿರು ಕಟ್ಟಿಸುವ ಶ್ವಾಸಕೋಶದ ದೀರ್ಘಕಾಲದ ಕಾಯಿಲೆ; ದಿನವೂ ಇನ್‌ಹೇಲರ್. ಕಳೆದ ಮಳೆಗಾಲದಲ್ಲಿ ನಾನು ಹೊತ್ತು ತಂದ ನೆಗಡಿ ನನ್ನನ್ನು ಬೇಗ ಬಿಟ್ಟಿತು, ಅವರನ್ನು ಆಸ್ಪತ್ರೆ ಸೇರಿಸಿತು. ಡೊಂಬಿವಲಿಯಿಂದ ದಾದರ್‌ವರೆಗೆ ಮಹಿಳೆಯರ ಡಬ್ಬಿಯಲ್ಲಿ ನಿಂತೇ ಪ್ರಯಾಣ; ಹಿಂದಿನವಳು ಕೆಮ್ಮಿದರೆ ನನ್ನ ಕತ್ತಿಗೇ ತಾಗುತ್ತದೆ. ಮೊನ್ನೆ ಮಾಸ್ಕ್ ಹಾಕಿಕೊಂಡು ಹತ್ತಿದರೆ ನಮ್ಮ ಗುಂಪಿನವರೇ ‘ಕಾಯ್ ಗಂ, ಕರೋನಾ ಪರತ್ ಆಲಾ ಕಾ?’ (ಏನೇ, ಕರೋನಾ ಮತ್ತೆ ಬಂತಾ?) ಎಂದು ನಕ್ಕರು. ಬೇರೆ ಯಾರೂ ಹಾಕಿಕೊಳ್ಳದಿರುವಾಗ ನಾನೊಬ್ಬಳು ಹಾಕಿಕೊಂಡು ಲಾಭವಿದೆಯೇ? ಸ್ಟೇಷನ್ ಹೊರಗೆ ಮಾರುವ ಬಟ್ಟೆ ಮಾಸ್ಕ್ ಸಾಕೇ?

ಠಾಣೆಯ ತಕರಾರಿ:
ಸುಮ್ಮನೆ ಕಷ್ಟಪಡಬೇಡಿ. 2020ರ ಏಪ್ರಿಲ್‌ನಲ್ಲಿ ಮುಂಬಯಿ ಪಾಲಿಕೆ ಮಾಸ್ಕ್ ಕಡ್ಡಾಯ ಮಾಡಿತು, 2022ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಆ ಕಡ್ಡಾಯ ತೆಗೆಯಿತು. ನಡುವೆ ದಂಡ ಕಟ್ಟಿದ್ದೂ ಆಯಿತು, ರೋಗ ಬಂದದ್ದೂ ಆಯಿತು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2023ರ ಪರಾಮರ್ಶೆಯೂ ಮಾಸ್ಕ್‌ನಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ ಎಂದಿದೆ. ಶುಂಠಿ ಕಷಾಯ ಕುಡಿಯಿರಿ, ಕಿಟಕಿಯ ಬಳಿ ನಿಲ್ಲಿ.

ಮುಲುಂಡ್‌ನ ನಿವೃತ್ತ ನರ್ಸ್:
ತಂಗಿ, ಕಷಾಯಕ್ಕೆ ನನ್ನ ಅಡ್ಡಿಯಿಲ್ಲ. ಕಿಟಕಿಯ ಮಾತಂತೂ ಸರಿಯೇ. ಬಾಗಿಲು ತೆರೆದು ಓಡುವ ಸಾದಾ ಲೋಕಲ್‌ಗಿಂತ ಎಸಿ ಲೋಕಲ್‌ನಲ್ಲಿ, ಮಳೆಗೆ ಶಟರ್ ಎಳೆದ ಡಬ್ಬಿಯಲ್ಲಿ ಹೆಚ್ಚು ಎಚ್ಚರ ಬೇಕು. ಆದರೆ ತಕರಾರಿ ಅಣ್ಣ ಅರ್ಧ ಮಾತ್ರ ಓದಿದ್ದಾರೆ. ಆ ಪರಾಮರ್ಶೆಯಿಂದ ‘ಮಾಸ್ಕ್ ಕೆಲಸ ಮಾಡುವುದಿಲ್ಲ’ ಎಂಬ ಅರ್ಥ ತೆಗೆಯುವುದು ತಪ್ಪು ಎಂದು ಕಾಕ್ರೇನ್‌ನ ಮುಖ್ಯ ಸಂಪಾದಕಿಯೇ ಹೇಳಿಕೆ ಕೊಟ್ಟರು. ‘ಮಾಸ್ಕ್ ಹಾಕಿಕೊಳ್ಳಿ’ ಎಂದು ಜನರಿಗೆ ಹೇಳುವುದು ಬೇರೆ, ಅವರು ಹಾಕಿಕೊಳ್ಳುವುದು ಬೇರೆ; ಪರಾಮರ್ಶೆ ನೋಡಿದ್ದು ಮೊದಲನೆಯದನ್ನು. ಬಾಂಗ್ಲಾದೇಶದ ಸುಮಾರು 600 ಹಳ್ಳಿಗಳ ಪ್ರಯೋಗದಲ್ಲಿ ಪುಕ್ಕಟೆ ಹಂಚಿ, ಬೆನ್ನುಬಿದ್ದು ನೆನಪಿಸಿದರೂ ಹಾಕಿಕೊಂಡವರು ಶೇಕಡ 42. ಅಷ್ಟಕ್ಕೇ, ಸರ್ಜಿಕಲ್ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ಲಕ್ಷಣವಿದ್ದ ಕೋವಿಡ್ ಸೋಂಕು ಶೇಕಡ 11ರಷ್ಟು ಇಳಿಯಿತು.

ನಾನು ಕ್ಷಯದ ವಾರ್ಡಿನಲ್ಲಿ ದುಡಿದವಳು, ಆ ಕಡೆಯಿಂದ ಹೇಳುತ್ತೇನೆ. ದಕ್ಷಿಣ ಆಫ್ರಿಕಾದಲ್ಲಿ ಔಷಧಕ್ಕೆ ಬಗ್ಗದ ಕ್ಷಯದ ರೋಗಿಗಳಿದ್ದ ವಾರ್ಡಿನ ಗಾಳಿಯನ್ನು ಗಿನಿಯಿಲಿಗಳ ಎರಡು ಕೋಣೆಗಳಿಗೆ ಹಾಯಿಸಿದರು, ಕೋಣೆಗೆ 90 ಇಲಿ. ರೋಗಿಗಳು ಮಾಸ್ಕ್ ಹಾಕಿದ ದಿನಗಳ ಗಾಳಿ ಒಂದಕ್ಕೆ, ಹಾಕದ ದಿನಗಳದ್ದು ಇನ್ನೊಂದಕ್ಕೆ. ಹಾಕದ ಕಡೆ 69 ಇಲಿಗಳಿಗೆ ಸೋಂಕು, ಹಾಕಿದ ಕಡೆ 36ಕ್ಕೆ. ಅದೂ ಸಾಧಾರಣ ಸರ್ಜಿಕಲ್ ಮಾಸ್ಕ್, ಕೆಮ್ಮುವವರ ಮುಖದ ಮೇಲೆ. ನೀವು ಕೇಳಿದ್ದು ಲೋಕಲ್‌ ಬಗ್ಗೆ. ನಾನು ಕೇಳುವುದು: ನೆಗಡಿ ಬಂದ ದಿನ ಮನೆಯಲ್ಲಿ ಹಾಕಿಕೊಳ್ಳುತ್ತೀರಾ? ಎಲ್ಲರೂ ಹೊಸಿಲು ದಾಟಿದ ಕೂಡಲೇ ಬಿಚ್ಚಿ ಮೊಳೆಗೆ ನೇತುಹಾಕುತ್ತಾರೆ.

ರೈಲಿನಲ್ಲಿ ನೀವೊಬ್ಬರೇ ಹಾಕುವುದಾದರೆ ಬಟ್ಟೆಯದು ಸಾಲದು, ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಬೇಕು. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಎರಡು ಪಟ್ಟಿ ಇರುವುದು ಮೇಲು. ಒಂದು ತುರುಬಿನ ಮೇಲೆ, ಇನ್ನೊಂದು ಕಿವಿಯ ಕೆಳಗೆ ಕತ್ತಿಗೆ. ಮೂಗಿನ ತಂತಿಯನ್ನು ಎರಡೂ ಕೈಬೆರಳಿನಿಂದ ಒತ್ತಿ ಜೋರಾಗಿ ಉಸಿರು ಬಿಡಿ. ಕನ್ನಡಕ ಮಂಜಾದರೆ ಗಾಳಿ ಅಲ್ಲಿಂದಲೇ ಸೋರುತ್ತಿದೆ. ಒಗೆಯಬೇಡಿ: ಅದರ ಎಳೆಗಳಲ್ಲಿ ವಿದ್ಯುದಾವೇಶವಿದೆ, ಸಣ್ಣ ಕಣಗಳನ್ನು ಹಿಡಿಯುವುದು ಬಹುಪಾಲು ಅದೇ, ಸಾಬೂನು ತಾಗಿದರೆ ಹೋಯಿತು. ಕಾಗದದ ಚೀಲದಲ್ಲಿ ಒಣಗಲು ಬಿಡಿ. ಮುಂದೆ ಪ್ಲಾಸ್ಟಿಕ್ ಬಿಲ್ಲೆಯಂಥ ವಾಲ್ವ್ ಇದ್ದರೆ ನಿಮ್ಮ ಉಸಿರು ಸೋಸದೆ ಹೊರಬೀಳುತ್ತದೆ. ಮಾವನವರ ಮುಂದೆ ಅದು ಬೇಡವೇ ಬೇಡ.

ಡೊಂಬಿವಲಿ ಸೊಸೆ:
ಅಕ್ಕ, ತುಂಬಾ ಉಪಕಾರವಾಯಿತು. ಮನೆಯಲ್ಲಿ ಹಾಕಿಕೊಂಡರೆ ಮಾವನವರು ನೊಂದುಕೊಳ್ಳುತ್ತಾರೆ. ‘ನನ್ನಿಂದ ನಿಮಗೆ ಅಂಟುತ್ತದೆಯೆಂದು ಹೆದರಿಕೆಯೇ?’ ಎಂದು ಗಂಜಿ ತಟ್ಟೆ ಪಕ್ಕಕ್ಕೆ ಸರಿಸಿದ್ದೂ ಇದೆ.

ಮುಲುಂಡ್‌ನ ನಿವೃತ್ತ ನರ್ಸ್:
ಹಾಗಾದರೆ ಸೊಸೆ ಹೇಳಬಾರದು, ಮಗ ಹೇಳಲಿ. ನೆಗಡಿಯಾದಾಗ ಆ ಮಗನೂ ಹಾಕಿಕೊಳ್ಳಲಿ. ಮಾವನವರಿಗೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸುವ ಬಗ್ಗೆ ಡಾಕ್ಟರರನ್ನು ಕೇಳಿ. ಸಿಒಪಿಡಿಯವರಿಗೆ ಎನ್95ರಲ್ಲಿ ಉಸಿರು ಬಿಗಿಯಬಹುದು, ಅವರನ್ನು ಒತ್ತಾಯಿಸಬೇಡಿ.

ಠಾಣೆಯ ತಕರಾರಿ:
ಇಲಿಗಳ ಲೆಕ್ಕ ಒಪ್ಪಿದೆ. ನನಗೆ ಗಡ್ಡವಿದೆ, ಎನ್95 ಕೂರುತ್ತದೆಯೇ?

ಮುಲುಂಡ್‌ನ ನಿವೃತ್ತ ನರ್ಸ್:
ಕೂರುವುದಿಲ್ಲ ಅಣ್ಣ. ಬೋಳಿಸಿ, ಇಲ್ಲವೇ ಕಿಟಕಿಯ ಬಳಿಯೇ ನಿಲ್ಲಿ.